ಮೊದಲು ಆಫ್ ಮಾಡಿ, ಆಮೇಲೆ ಮಾತಾಡಿ

ನಮಸ್ಕಾರ, ನಮಸ್ಕಾರ. ಇವತ್ತು ಎಸ್‌.ಪಿ. ರೋಡಲ್ಲಿ ಸೆಕೆಂಡ್‌ಹ್ಯಾಂಡ್ ಸರ್ವರ್ ತಗೊಳ್ಳೋವಾಗ ಏನೇನು ನೋಡ್ಬೇಕು ಅಂತ ಹೇಳೋಣ ಅಂತಿದ್ದೆ. ಸ್ಕ್ರಿಪ್ಟೂ ರೆಡಿ ಇತ್ತು. ಪಕ್ಕಕ್ಕಿಟ್ಟೆ. ಹೋದ ವಿಡಿಯೋದಲ್ಲಿ ಹಳೇ ಸರ್ವರಿಂದ ಹೊಸದಕ್ಕೆ ವಿಎಂ ಸಾಗಿಸೋವಾಗ ಮೊದಲು ಅದನ್ನ ಆಫ್ ಮಾಡಿ ಅಂದಿದ್ದೆ. ವಿಎಂ ಅಂದ್ರೆ ವರ್ಚುವಲ್ ಮೆಷಿನ್, ಸರ್ವರ್ ಒಳಗೆ ಸಾಫ್ಟ್‌ವೇರಲ್ಲೇ ಓಡೋ ಇನ್ನೊಂದು ಕಂಪ್ಯೂಟರ್. ಅದರ ಕೆಳಗೆ ಒಬ್ಬ ಪುಣ್ಯಾತ್ಮ ಕಾಮೆಂಟ್ ಹಾಕಿದಾನೆ: "ಅಣ್ಣಾ, ಈ ಕಾಲದಲ್ಲೂ ವಿಎಂ ಶಟ್‌ಡೌನ್ ಮಾಡಿ ಕಾಪಿ ಮಾಡ್ತೀರಾ? ಲೈವ್ ಮೈಗ್ರೇಷನ್ ಅಂತ ಒಂದಿದೆ, ಗೂಗಲ್ ಮಾಡಿ." ಪಕ್ಕದಲ್ಲಿ ನಗೋ ಮುಖ ಬೇರೆ. ನನ್ನ ವಿಡಿಯೋಗಿಂತ ಆ ಕಾಮೆಂಟಿಗೇ ಲೈಕ್ ಜಾಸ್ತಿ ಬಿದ್ದಿದೆ.

ಬಾ ಗುರು, ಕೂತ್ಕೋ. ಗೂಗಲ್ ನಾನೇ ಮಾಡಿಕೊಡ್ತೀನಿ.

ಲೈವ್ ಮೈಗ್ರೇಷನ್ ಹೊಸದೇನಲ್ಲ. ವಿಎಂ ಓಡಿಸೋ ಸಾಫ್ಟ್‌ವೇರ್ ಮಾಡೋ ವಿಎಂವೇರ್ ಕಂಪನಿಯ ವಿಮೋಷನ್ ಬಂದಿದ್ದು 2003ರಲ್ಲಿ. ವಿಎಂ ಓಡ್ತಾ ಇರುತ್ತೆ, ಅದರ ರ‍್ಯಾಮ್ ಹೊಸ ಹೋಸ್ಟಿಗೆ, ಅಂದ್ರೆ ಹೊಸ ಸರ್ವರಿಗೆ, ಕಾಪಿ ಆಗ್ತಾ ಹೋಗುತ್ತೆ. ಅಷ್ಟರಲ್ಲಿ ಬದಲಾದ ಪೇಜ್‌ಗಳನ್ನ ಮತ್ತೆ ಕಳಿಸುತ್ತೆ, ಮತ್ತೆ ಬದಲಾಗಿದ್ದನ್ನ ಮತ್ತೆ. ಉಳಿದಿದ್ದು ಚೂರೇ ಚೂರು ಅಂದಾಗ ಕಣ್ಣು ಮಿಟುಕಿಸೋ ಹೊತ್ತು ನಿಲ್ಲಿಸಿ ಆ ಕಡೆ ಎಬ್ಬಿಸುತ್ತೆ. ಚೆನ್ನಾಗಿದೆ! ನಾನೂ ಚಪ್ಪಾಳೆ ಹೊಡೀತೀನಿ. ಆದ್ರೆ ಎರಡೂ ಕಡೆ ಒಂದೇ ಹೈಪರ್‌ವೈಸರ್, ಅಂದ್ರೆ ವಿಎಂಗಳನ್ನ ಓಡಿಸೋ ಸಾಫ್ಟ್‌ವೇರ್, ಇರ್ಬೇಕು, ಸಿಪಿಯು ಹೊಂದ್ಕೋಬೇಕು. ಹಳೇದು ಇಂಟೆಲ್, ಹೊಸದು ಎಎಂಡಿ ಅಂದ್ರೆ ವಿಮೋಷನ್ ಬಾಗ್ಲು ಹಾಕ್ಕೊಳ್ಳುತ್ತೆ. ಒಳಗಿರೋ ಓಎಸ್ ಬೂಟ್ ಆಗೋವಾಗಲೇ ಸಿಪಿಯುಗೆ ಏನೇನು ಬರುತ್ತೆ ಅಂತ ನೋಡ್ಕೊಂಡಿರುತ್ತೆ. ಓಡ್ತಾ ಓಡ್ತಾ ಅದನ್ನ ಕಿತ್ಕೊಂಡ್ರೆ ಬೀಳದೆ ಇನ್ನೇನು ಮಾಡುತ್ತೆ?

ಈಗ ನಾನು ಯಾರ ಕೆಲಸ ಮಾಡ್ತೀನಿ ನೋಡಿ. ಪೀಣ್ಯದಲ್ಲಿ ಒಂದು ವರ್ಕ್‌ಶಾಪ್. ಮಾಲೀಕರ ಟೇಬಲ್ ಕೆಳಗೆ ಟವರ್ ಸರ್ವರ್. ಮುಂದಿನ ಬಾಗ್ಲಿಗೆ ಹೋದ ಆಯುಧ ಪೂಜೆಯ ಕುಂಕುಮ ಹಾಗೇ ಇದೆ, ಫ್ಯಾನ್ ಜಾಲರಿಯಲ್ಲಿ ಒಣಗಿದ ಸೇವಂತಿಗೆ ಎಸಳು ಸಿಕ್ಕೊಂಡಿದೆ. ಒಳಗೆ ಹಳೇ ಇಎಸ್‌ಎಕ್ಸ್‌ಐ, ವಿಎಂವೇರ್ ಹೈಪರ್‌ವೈಸರ್. ಅದರ ಮೇಲೆ ವಿಂಡೋಸ್ ಸರ್ವರ್ 2012 ಆರ್2, ಅಂದ್ರೆ 2023ರ ಅಕ್ಟೋಬರ್‌ಗೇ ಮೈಕ್ರೋಸಾಫ್ಟ್ ಎಕ್ಸ್‌ಟೆಂಡೆಡ್ ಸಪೋರ್ಟೂ ಮುಗಿದಿದ್ದು. ಬಿಲ್ಲಿಂಗು, ಅಟೆಂಡೆನ್ಸು ಎಲ್ಲಾ ಅದರಲ್ಲೇ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನ ಕೊಂಡ್ಕೊಳ್ತು, ಒಂದ್ಸಲ ದುಡ್ಡು ಕೊಟ್ಟು ಇಟ್ಕೊಳ್ಳೋ ಲೈಸೆನ್ಸ್ ಹೋಗಿ ಸಬ್‌ಸ್ಕ್ರಿಪ್ಷನ್ ಬಂತು. ಹಾಗಾಗಿ ಹೊಸ ಬಾಕ್ಸಿಗೆ ಪ್ರಾಕ್ಸ್‌ಮಾಕ್ಸ್, ಬೇರೆಯವರ ಹೈಪರ್‌ವೈಸರ್. ಎರಡೂ ಕಡೆ ಬೇರೆ ಬೇರೆ ಆಯ್ತಲ್ಲ, ವಿಮೋಷನ್ ನಡೆಯಲ್ಲ. ನಾನು ಕೇಳಿದ್ದು ಒಂದೇ: "ಸಾರ್, ಭಾನುವಾರ ಸರ್ವರ್ ಆಫ್ ಮಾಡ್ಬೇಕು." ಮಾಲೀಕರ ಮುಖ ನೋಡ್ಬೇಕಿತ್ತು, ಕಿಡ್ನಿ ಕೇಳಿದ ಹಾಗೆ.

ಸ್ವಾಮಿ, ಆಯುಧ ಪೂಜೆ ದಿನ ಲೇಥ್ ನಿಲ್ಲಿಸ್ತೀರಿ. ಸಿಎನ್‌ಸಿ ನಿಲ್ಲಿಸ್ತೀರಿ. ತೊಳ್ದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೀತೀರಿ. ಕಾಸು ದುಡಿಯೋ ಮೆಷಿನ್ನೇ ನಿಲ್ಲುತ್ತೆ, ಹಾಜರಿ ಬರೆಯೋ ಸರ್ವರ್ ನಿಲ್ಲಬಾರ್ದಾ? ಆಫ್ ಮಾಡಿ!

ಹೊತ್ತು ಎಷ್ಟು ಹಿಡಿಯುತ್ತೆ? ಗಿಗಾಬಿಟ್ ನೆಟ್‌ವರ್ಕಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಿಗುತ್ತೆ. 500 ಜಿಬಿ ಡಿಸ್ಕಿಗೆ ಒಂದೂಕಾಲು ಗಂಟೆ ಚಿಲ್ಲರೆ. ಹಳೇ ಹಾರ್ಡ್‌ಡಿಸ್ಕ್ ಮುಲುಗಿದ್ರೆ ಇನ್ನೂ ಜಾಸ್ತಿ. ಮಳೆ ಬಂದು ಕರೆಂಟ್ ಹೋದ್ರೆ ಇದೇ ಆಫೀಸು ಮಧ್ಯಾಹ್ನವೆಲ್ಲಾ ಕತ್ತಲಲ್ಲಿ ಕೂತು ಬೋಂಡಾ ತಿನ್ನುತ್ತೆ. ಅದು ಡೌನ್‌ಟೈಮ್ ಅಲ್ವಂತೆ. ನಾನು ಕೇಳಿದ್ರೆ ಮಾತ್ರ ಡೌನ್‌ಟೈಮು.

ಅಂದ್ಹಾಗೆ ಸಬ್‌ಸ್ಕ್ರೈಬ್ ಮಾಡಿಲ್ದೆ ನೋಡ್ತಿರೋರು, ನಿಮ್ಮನ್ನೂ ಆಫ್ ಮಾಡ್ಬೇಕಾಗುತ್ತೆ.

ಇನ್ನೊಬ್ಬರು ಜಾಣರು: "ಪ್ರಾಕ್ಸ್‌ಮಾಕ್ಸ್ ಇಂಪೋರ್ಟ್ ವಿಝಾರ್ಡಲ್ಲೇ ಲೈವ್ ಇಂಪೋರ್ಟ್ ಇದೆಯಲ್ಲಾ." ಇದೆ. ಇಎಸ್‌ಎಕ್ಸ್‌ಐಯಿಂದ ವಿಎಂ ಎಳ್ಕೊಳ್ಳೋ ಆ ವಿಝಾರ್ಡ್ 2024ರಲ್ಲಿ ಪ್ರಾಕ್ಸ್‌ಮಾಕ್ಸ್ 8.2 ಜೊತೆ ಬಂತು. ಅದರ ಡಾಕ್ಯುಮೆಂಟೇಷನ್ ತೆಗ್ದು ಓದಿ. ಮೊದಲು ಇಎಸ್‌ಎಕ್ಸ್‌ಐ ಕಡೆ ವಿಎಂ ಆಫ್ ಮಾಡಿ ಅಂತಾನೇ ಹೇಳುತ್ತೆ! ಅದರ ಹೆಸರಲ್ಲೇ ಲೈವ್ ಇದೆ, ಆದ್ರೂ ಆಫ್ ಮಾಡಿ ಅನ್ನುತ್ತೆ. ಹೊಸ ಕಡೆ ಡಿಸ್ಕ್ ಪೂರ್ತಿ ಬರೋಕೆ ಮುಂಚೆ ಬೂಟ್ ಆಗುತ್ತೆ, ಅಷ್ಟೇ ಅದರ ಲೈವು. ಮಧ್ಯದಲ್ಲಿ ಇಂಪೋರ್ಟ್ ಮುರಿದುಬಿದ್ರೆ ಆ ಕಡೆ ಬೂಟ್ ಆದಮೇಲೆ ಬರೆದಿದ್ದೆಲ್ಲಾ ಢಮಾರ್. ಬೆಳಗ್ಗೆಯಿಂದ ಹಾಕಿದ ಬಿಲ್ಲುಗಳು ಗೋವಿಂದ.

ಆಫ್ ಮಾಡದೆ ಸ್ನಾಪ್‌ಶಾಟ್, ಅಂದ್ರೆ ಆ ಕ್ಷಣದ ಡಿಸ್ಕ್ ಸ್ಥಿತಿ, ತಗೊಂಡು ಕಾಪಿ ಮಾಡೋ ಬುದ್ಧಿವಂತರೂ ಇದ್ದಾರೆ. ಡೇಟಾಬೇಸ್ ಅರ್ಧ ರ‍್ಯಾಮಲ್ಲಿ, ಅರ್ಧ ಡಿಸ್ಕಲ್ಲಿ. ನಿಮಗೆ ಸಿಗೋದು ಪ್ಲಗ್ ಕಿತ್ತಾಗ ಇರೋ ಸ್ಥಿತಿ. ಸ್ನಾಪ್‌ಶಾಟ್ ಆದಮೇಲೆ ಹಳೇದರಲ್ಲಿ ಬಂದ ಎಂಟ್ರಿಗಳಂತೂ ಇಲ್ಲವೇ ಇಲ್ಲ. ಒಲೆ ಮೇಲೆ ಸಾರು ಕುದೀತಿರೋವಾಗ ಒಲೆ ಸಮೇತ ಎತ್ಕೊಂಡು ಮನೆ ಬದಲಾಯಿಸ್ತೀರಾ?

ಆಫ್ ಮಾಡೋಕೆ ಮುಂಚೆ ಮಾತ್ರ ಒಂದಿಷ್ಟು ಕೆಲಸ ಇದೆ. ವಿಎಂ ಒಳಗೆ ಹಾಕಿರೋ ವಿಎಂವೇರ್ ಟೂಲ್ಸ್ ಅನ್ನೋ ಡ್ರೈವರ್ ಪ್ಯಾಕ್ ಅಲ್ಲೇ ತೆಗೀರಿ, ಈ ಕಡೆ ಬಂದ್ಮೇಲೆ ಅನ್‌ಇನ್‌ಸ್ಟಾಲ್ ಆಗೋಕೆ ಹಠ ಮಾಡುತ್ತೆ. ಐಪಿ, ಮ್ಯಾಕ್ ಅಡ್ರೆಸ್ ಬರ್ಕೊಳ್ಳಿ, ವಿಎಂ ಬೂಟ್ ಆಗೋದು ಬಯಾಸಲ್ಲಾ ಯುಇಎಫ್‌ಐಯಲ್ಲಾ ನೋಡ್ಕೊಳ್ಳಿ. ವರ್ಟ್‌ಐಓ ಅಂದ್ರೆ ವಿಎಂಗಳಿಗೆ ಅಂತಲೇ ಮಾಡಿದ ಡಿಸ್ಕ್ ಕನೆಕ್ಷನ್, ವಿಂಡೋಸಲ್ಲಿ ಅದರ ಡ್ರೈವರ್ ಮೊದಲೇ ಇರಲ್ಲ. ವಿಂಡೋಸ್ ಡಿಸ್ಕನ್ನ ನೇರ ಅದಕ್ಕೆ ಹಾಕಿದ್ರೆ ನೀಲಿ ಪರದೆ, 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ. ಮೊದಲು ವಿಂಡೋಸಿಗೆ ಗೊತ್ತಿರೋ ಸಾಟಾ ಕನೆಕ್ಷನಲ್ಲಿ ಬೂಟ್ ಮಾಡಿ, ಪಕ್ಕಕ್ಕೆ ಒಂದು ಜಿಬಿಯ ಡಮ್ಮಿ ವರ್ಟ್‌ಐಓ ಡಿಸ್ಕ್ ಹಾಕಿ, ಡ್ರೈವರ್ ಕೂತ್ಕೊಳ್ಳಲಿ, ಆಮೇಲೆ ಆಫ್ ಮಾಡಿ ಬೂಟ್ ಡಿಸ್ಕ್ ಬದಲಾಯಿಸಿ. 2012 ಆರ್2 ಆದ್ರೆ ಅದಕ್ಕೆ ಹೊಂದೋ ಹಳೇ ಡ್ರೈವರ್ ಐಎಸ್‌ಓ ಫೈಲ್ ಹುಡುಕ್ಬೇಕು. ಗಮನಿಸಿದ್ರಾ? ಅಲ್ಲೂ ಆಫೇ.

ಹೊಸದು ಎದ್ದ ಮೇಲೆ ಹಳೇ ವಿಎಂ? ಅದನ್ನೂ ಆಫಲ್ಲೇ ಇಡಿ! ಡಿಲೀಟ್ ಬೇಡ. ಆಟೋಸ್ಟಾರ್ಟ್ ತೆಗೀರಿ, ವರ್ಚುವಲ್ ನೆಟ್‌ವರ್ಕ್ ಕಾರ್ಡ್ ಕನೆಕ್ಷನ್ ಬಿಡಿಸಿ. ಇಲ್ಲಾಂದ್ರೆ ಒಂದಿನ ಕರೆಂಟ್ ಹೋಗಿ ಬರುತ್ತೆ, ಹಳೇ ಹೋಸ್ಟ್ ತಾನೇ ಎದ್ದು ಹಳೇ ವಿಎಂನೂ ಎಬ್ಬಿಸುತ್ತೆ. ಒಂದೇ ಐಪಿ ಮೇಲೆ ಇಬ್ಬರು. ಬಿಲ್ಲು ಒಂದರಲ್ಲಿ, ಹಾಜರಿ ಇನ್ನೊಂದರಲ್ಲಿ. ಅಕೌಂಟೆಂಟ್ ಮೇಡಂ ನಿಮ್ಮನ್ನ ಹುಡ್ಕೊಂಡು ಬರ್ತಾರೆ, ಕೈಯಲ್ಲಿ ಸ್ಟೇಪ್ಲರ್ ಹಿಡ್ಕೊಂಡು.

"ಹಾಗಾದ್ರೆ ಬ್ಯಾಂಕು, ಆಸ್ಪತ್ರೆ?" ಗೊತ್ತಿತ್ತು, ಕೇಳ್ತೀರಾ ಅಂತ. ನೀವು ಬ್ಯಾಂಕಾ? ನಿಮ್ಮದು ಬೋಲ್ಟು ಮಾಡೋ ಕಂಪನಿ, ಭಾನುವಾರ ವಾಚ್‌ಮನ್ ಬಿಟ್ಟು ನರಪಿಳ್ಳೆ ಇರಲ್ಲ. ಔಟರ್ ರಿಂಗ್ ರೋಡಲ್ಲಿ ಕೂತು ಝೀರೋ ಡೌನ್‌ಟೈಮ್ ಅಂತ ಪಿಪಿಟಿ ಮಾಡೋರ ಮಾತು ಕೇಳಿ ನೀವೂ ಕುಣಿತೀರಲ್ಲಾ! ಅವರಿಗೆ ಆಫ್ ಮಾಡೋಕೆ ಭಯ ಯಾಕೆ ಗೊತ್ತಾ? ಮತ್ತೆ ಆನ್ ಆಗುತ್ತೋ ಇಲ್ವೋ ಅಂತ. ರೀಸ್ಟಾರ್ಟ್ ಮಾಡೋಕೇ ಹೆದರೋ ಸರ್ವರನ್ನ ಓಡ್ತಿರೋವಾಗ್ಲೇ ಎತ್ಕೊಂಡು ಹೋಗ್ತಾರಂತೆ!

ಆಫ್ ಮಾಡಿ. ಆಫ್ ಮಾಡಿ. ಕಾರಣ ಬೇಕಾ ಇನ್ನೂ? ಇಲ್ಲ, ಮುಗೀತು ಕಾರಣ. ಆಫ್ ಮಾಡಿ ಅಷ್ಟೇ.

'ಮೊದಲು ಆಫ್ ಮಾಡಿ' ಟೀಶರ್ಟ್ ಲಿಂಕ್ ಡಿಸ್ಕ್ರಿಪ್ಷನ್‌ನಲ್ಲಿದೆ. ಎಕ್ಸ್‌ಎಲ್ ಖಾಲಿ ಆಗಿದೆ, ನಮ್ಮ ಫೀಲ್ಡಲ್ಲಿ ಎಲ್ಲರದ್ದೂ ಅದೇ ಸೈಜು ಅಂತ ಪ್ರಿಂಟ್ ಮಾಡೋನಿಗೆ ಮೊದಲೇ ಹೇಳಿದ್ದೆ, ಕೇಳಲಿಲ್ಲ. ಮೆಂಬರ್ಸ್‌ಗೆ ಬುಧವಾರ ಲೈವ್ ಇದೆ. ಹೌದು, ಲೈವ್. ನಗ್ಬೇಡಿ.