ತುರ್ತು ಘೋಷಣೆಯ ಸ್ಪೀಕರುಗಳು: ಎಷ್ಟು ವ್ಯಾಟ್, ಎಲ್ಲಿ, ಎಷ್ಟು ದೂರ

ಕಾರ್ಖಾನೆಗಳ ಸುರಕ್ಷತಾ ಅಧಿಕಾರಿಗಳೇ, ವಿದ್ಯುತ್ ಗುತ್ತಿಗೆದಾರರೇ, ವಿದ್ಯಾರ್ಥಿ ಮಿತ್ರರೇ,

ನಮ್ಮ ಕೋಲಾರ ಜಿಲ್ಲೆಯ ನರಸಾಪುರ, ಮಾಲೂರು, ವೇಮಗಲ್ ಕಡೆ ದೊಡ್ಡ ದೊಡ್ಡ ಶೆಡ್ಡುಗಳು ಏಳುತ್ತಿವೆ. ಅಂಥದೊಂದು ಹೊಲಿಗೆ ಶೆಡ್ಡಿನಲ್ಲಿ ನಡೆದ ಬೆಂಕಿ ತಾಲೀಮನ್ನು ನೋಡಲು ನಾನು ಹೋಗಿದ್ದೆ. ಪೂರ್ವದ ಬಾಗಿಲಿನಿಂದ ಹೊರಹೋಗಿ ಎಂದು ಒಂದೇ ಗೋಡೆಯ ಮೇಲಿದ್ದ ಎರಡು ದೊಡ್ಡ ಹಾರ್ನುಗಳು ಕೂಗಿದವು; ಜನರಲ್ಲಿ ಬಹಳಷ್ಟು ಮಂದಿ ದಿನವೂ ಬಳಸುವ ಪಶ್ಚಿಮದ ಬಾಗಿಲಿಗೇ ನಡೆದರು. ಕತ್ತರಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದ ಹೆಣ್ಣುಮಗಳೊಬ್ಬಳನ್ನು ಕೇಳಿದಾಗ, "ಏನೋ ಜೋರಾಗಿ ಕೂಗಿದ್ರು ಸಾರ್, ಏನಂತ ಗೊತ್ತಾಗ್ಲಿಲ್ಲ" ಎಂದಳು. ಆ ಮಾತು ಇಂದಿಗೂ ನನ್ನನ್ನು ಕಾಡುತ್ತದೆ. ಅಲ್ಲಿ ವ್ಯಾಟಿಗೆ ಕೊರತೆಯಿರಲಿಲ್ಲ, ಸ್ಪೀಕರುಗಳ ಜಾಗ ತಪ್ಪಾಗಿತ್ತು.

ಕಾರಣ ಸರಳವಾಗಿದೆ. ತೆರೆದ ಜಾಗದಲ್ಲಿ ಸ್ಪೀಕರಿನಿಂದ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಆದರೆ ವ್ಯಾಟನ್ನು ಎರಡು ಪಟ್ಟು ಮಾಡಿದರೆ ಏರುವುದು 3 ಡೆಸಿಬಲ್ ಮಾತ್ರ. ಅಂದರೆ ದೂರವನ್ನು ವ್ಯಾಟಿನಿಂದ ಗೆಲ್ಲಹೊರಟರೆ ದೂರ ದುಪ್ಪಟ್ಟಾದಾಗಲೆಲ್ಲ ವ್ಯಾಟು ನಾಲ್ಕು ಪಟ್ಟಾಗಬೇಕು.

60 ಮೀಟರ್ ಉದ್ದ, 24 ಮೀಟರ್ ಅಗಲದ ಶೆಡ್ಡೊಂದನ್ನು ತೆಗೆದುಕೊಳ್ಳೋಣ. ಯಂತ್ರಗಳು ಓಡುವಾಗ ಅಲ್ಲಿನ ಸದ್ದು 80 ಡೆಸಿಬಲ್ ಇದೆ ಎಂದಿಟ್ಟುಕೊಂಡರೆ, ಘೋಷಣೆ ಅದಕ್ಕಿಂತ ಸುಮಾರು 10 ಡೆಸಿಬಲ್ ಮೇಲಿರಬೇಕು, ಅಂದರೆ ಕಿವಿಯ ಬಳಿ 90. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 106 ಡೆಸಿಬಲ್ ಕೊಡುವ ಹಾರ್ನನ್ನು ಒಂದು ತುದಿಯಲ್ಲಿ ಕಟ್ಟಿ 64 ಮೀಟರ್ ಆಚೆಗಿನ ಮೂಲೆಗೆ ಮುಟ್ಟಿಸಬೇಕೆಂದರೆ, ದಾರಿಯಲ್ಲಿ 36 ಡೆಸಿಬಲ್ ಕಳೆದುಹೋಗುವುದರಿಂದ, 100 ವ್ಯಾಟ್ ಬೇಕಾಗುತ್ತದೆ. ಆಗ ಹಾರ್ನಿನ ಎದುರು ಎರಡು ಮೀಟರಿನಲ್ಲಿರುವವರ ಕಿವಿಗೆ 120 ಡೆಸಿಬಲ್ ಬಡಿಯುತ್ತದೆ. ಅದು ಕಿವಿ ನೋಯುವ ಮಟ್ಟ. ಅದೇ ಶೆಡ್ಡಿನಲ್ಲಿ ಮೂರು ಸಾಲು, ಸಾಲಿಗೆ ಆರರಂತೆ 18 ಚಿಕ್ಕ ಹಾರ್ನುಗಳನ್ನು ಐದು ಮೀಟರ್ ಎತ್ತರದಲ್ಲಿ ಕೆಳಮುಖವಾಗಿ ಕಟ್ಟಿದರೆ ಯಾರೂ ತಮಗೆ ಹತ್ತಿರದ ಹಾರ್ನಿನಿಂದ ಎಂಟು ಮೀಟರಿಗಿಂತ ದೂರದಲ್ಲಿರುವುದಿಲ್ಲ. ಎಂಟು ಮೀಟರಿಗೆ ಲೆಕ್ಕದಲ್ಲಿ ಎರಡು ವ್ಯಾಟಿಗಿಂತ ಕಡಿಮೆ ಸಾಕು. ಹಾರ್ನಿನ ಮುಖದಿಂದ ಪಕ್ಕಕ್ಕೆ ಸರಿದಷ್ಟೂ ಶಬ್ದ ಕುಗ್ಗುವುದರಿಂದ ಮೂರು ವ್ಯಾಟಿನ ಟ್ಯಾಪ್ (ಸ್ಪೀಕರು ಎಷ್ಟು ವ್ಯಾಟ್ ಎಳೆಯಬೇಕೆಂದು ಆರಿಸುವ ಜೋಡಣೆ) ಇಡೋಣ. ಒಟ್ಟು 54 ವ್ಯಾಟ್. ಶೇಕಡಾ 20ರಷ್ಟು ಮೀಸಲು ಸೇರಿಸಿದರೆ 65 ವ್ಯಾಟಿನ ಆಂಪ್ಲಿಫೈಯರ್ ಸಾಕಾಗುತ್ತದೆ.

ಉಳಿತಾಯಕ್ಕಿಂತ ದೊಡ್ಡ ಲಾಭ ಸ್ಪಷ್ಟತೆ. ಶೀಟಿನ ಛಾವಣಿ, ಸಿಮೆಂಟಿನ ನೆಲ ಶಬ್ದವನ್ನು ಹೀರುವುದು ತೀರಾ ಕಡಿಮೆ. ವಾಲ್ಯೂಮ್ ಹೆಚ್ಚಿಸಿದರೆ ಮಾತಿನ ಜೊತೆಗೆ ಮಾರ್ದನಿಯೂ ಅಷ್ಟೇ ಹೆಚ್ಚುತ್ತದೆ, ಆದ್ದರಿಂದ ಮಾತು ತಿಳಿಯಾಗುವುದಿಲ್ಲ. ಶಬ್ದ ಹತ್ತನೇ ಒಂದು ಸೆಕೆಂಡಿನಲ್ಲಿ ಸುಮಾರು 34 ಮೀಟರ್ ಸಾಗುತ್ತದೆ. ಹತ್ತಿರದ ಹಾರ್ನಿನ ಮಾತಿನ ಹಿಂದೆಯೇ ದೂರದ ದೊಡ್ಡ ಹಾರ್ನಿನ ಅದೇ ಮಾತು ತಡವಾಗಿ ಬಂದು ಬಿದ್ದರೆ ಪದಗಳು ಒಂದರ ಮೇಲೊಂದು ಕೂತುಬಿಡುತ್ತವೆ. ಸ್ಪೀಕರು ಕಿವಿಗೆ ಹತ್ತಿರವಿರುವುದೇ ಇದಕ್ಕೆ ಮದ್ದು. ಮೂರು ಮೀಟರ್ ಎತ್ತರದ ಆಸ್ಪತ್ರೆ, ಕಚೇರಿಗಳಲ್ಲಿ 90 ಡಿಗ್ರಿ ಹರಡುವ ಸೀಲಿಂಗ್ ಸ್ಪೀಕರು ಕುಳಿತವರ ಕಿವಿಯ ಮಟ್ಟದಲ್ಲಿ ಮುಚ್ಚುವ ವೃತ್ತದ ಅಗಲ ಮೂರೂವರೆ ಮೀಟರ್ ಚಿಲ್ಲರೆ ಮಾತ್ರ ಎಂಬುದನ್ನೂ ನೆನಪಿಡಿ.

ತಂತಿಯ ವಿಷಯ ಎರಡೇ ಮಾತು. ಉದ್ದದ ಓಟಕ್ಕೆ 100 ವೋಲ್ಟ್ ಲೈನ್ (ವೋಲ್ಟೇಜು ಏರಿಸಿ ಕಳಿಸಿ, ತಂತಿಯಲ್ಲಿ ನಷ್ಟ ತಗ್ಗಿಸುವ ಜೋಡಣೆ) ಬಳಸಿ, ಅಕ್ಕಪಕ್ಕದ ಸ್ಪೀಕರುಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಬೇರೆ ಸರ್ಕಿಟ್ಟುಗಳಿಗೆ ಹಂಚಿ. ಒಂದು ಕೇಬಲ್ ಸುಟ್ಟರೂ ಇನ್ನೊಂದು ಮಾತಾಡುತ್ತಿರಬೇಕು. ನಂತರ ಬಂದವರು ಜೋರಾಗಲಿ ಎಂದು ಟ್ಯಾಪುಗಳನ್ನು ಏರಿಸಿದರೆ ಆಂಪ್ಲಿಫೈಯರಿಗೆ ಹೊರೆ ಮೀರುತ್ತದೆ, ಹಾಗಾಗಿ ಟ್ಯಾಪಿನ ಲೆಕ್ಕವನ್ನು ಬರೆದು ಆಂಪ್ಲಿಫೈಯರ್ ಇರುವ ರ‍್ಯಾಕಿನ ಬಾಗಿಲಿಗೆ ಅಂಟಿಸಿಡಿ.

ಪರೀಕ್ಷೆಯನ್ನು ಯಂತ್ರಗಳು ಓಡುತ್ತಿರುವಾಗಲೇ ಮಾಡಬೇಕು. ಮಾತಿನ ಸ್ಪಷ್ಟತೆಯನ್ನು ಸೊನ್ನೆಯಿಂದ ಒಂದರವರೆಗೆ ಅಳೆಯುವ ಎಸ್‌ಟಿಐ ಮೀಟರು ಸಿಕ್ಕರೆ ಕನಿಷ್ಠ 0.5 ಬರಬೇಕು. ಮೀಟರು ಸಿಗದಿದ್ದರೆ, ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪದಗಳನ್ನು ಕನ್ನಡದಲ್ಲಿಯೂ, ತೆಲುಗು, ಹಿಂದಿ ಆಡುವ ಕೆಲಸಗಾರರಿದ್ದರೆ ಅವರ ಭಾಷೆಯಲ್ಲಿಯೂ ನಿಧಾನವಾಗಿ ಓದಿಸಿ, ಪ್ರತಿ ಮೂಲೆಯಲ್ಲಿ ನಿಂತವರಿಂದ ಬರೆಯಿಸಿ. ಪದಗಳು ತಪ್ಪಿದ ಮೂಲೆಗೆ ಮೊದಲು ಇನ್ನೊಂದು ಹಾರ್ನು ಕಟ್ಟಿ, ಮತ್ತೆ ಓದಿಸಿ. ವಾಲ್ಯೂಮಿನ ಗುಂಡಿಯನ್ನು ಅಲ್ಲಿಯವರೆಗೆ ಮುಟ್ಟಬೇಡಿ.