ಎರಡನೆಯ ದನಿ

ನಮಸ್ಕಾರ. ಒಳ್ಳೆಯ ನಾಗರಿಕ ಯಾರು ಎಂದು ಕೇಳಿದರೆ ನಮಗೆಲ್ಲ ಬಾಯಿಪಾಠವಾಗಿರುವ ಉತ್ತರವೊಂದಿದೆ: ತೆರಿಗೆ ಕಟ್ಟುವವನು, ಮತ ಹಾಕುವವನು, ಕಂಡಲ್ಲಿ ಕಸ ಎಸೆಯದವನು, ಕಾನೂನು ಮೀರದವನು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇವೆಲ್ಲ ಸುತ್ತಲಿನವರು ಸರಿಯಾಗಿ ನಡೆದುಕೊಳ್ಳುತ್ತಿರುವವರೆಗೆ ಸಾಕಾಗುವ ಗುಣಗಳು. ನಮ್ಮವರೇ ತಪ್ಪು ದಾರಿ ಹಿಡಿದಾಗ, ಅದೂ ಬಹುಮತದಿಂದ, ಹುರುಪಿನಿಂದ ಹಿಡಿದಾಗ ಬೇಕಾಗುವ ಗುಣವೇ ಬೇರೆ. ಅದರ ಬಗ್ಗೆ ನಾವು ಮಾತನಾಡುವುದು ಕಡಿಮೆ.

ಕ್ರಿ.ಪೂ. 406ರಲ್ಲಿ ಅಥೆನ್ಸಿನ ನೌಕಾಪಡೆ ಅರ್ಗಿನುಸೆ ದ್ವೀಪಗಳ ಬಳಿ ಸ್ಪಾರ್ಟಾದ ವಿರುದ್ಧ ದೊಡ್ಡ ಗೆಲುವು ಪಡೆಯಿತು. ಕದನ ಮುಗಿಯುವಷ್ಟರಲ್ಲಿ ಬಿರುಗಾಳಿ ಎದ್ದಿತು. ಒಡೆದ ಹಡಗುಗಳಲ್ಲಿ ಸಿಲುಕಿದ್ದ ತಮ್ಮದೇ ನಾವಿಕರನ್ನು ರಕ್ಷಿಸಲಾಗಲಿಲ್ಲ. ಹೀಗೆ ಗೆದ್ದ ಸೇನಾಪತಿಗಳೇ ಆರೋಪಿಗಳಾದರು. ಎಂಟು ಮಂದಿಯ ಹಣೆಬರಹವನ್ನೂ ಒಂದೇ ಮತದಾನದಲ್ಲಿ ತೀರ್ಮಾನಿಸಬೇಕೆಂಬ ಗೊತ್ತುವಳಿ ಜನಸಭೆಯ ಮುಂದೆ ಬಂತು. ಇದು ನಿಯಮಬಾಹಿರ, ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು ಎಂದವರಿಗೆ, ಜನರ ಇಷ್ಟಕ್ಕೆ ಅಡ್ಡ ಬರುವುದೇ ಘೋರವೆಂಬ ಕೂಗು ಉತ್ತರವಾಯಿತು. ಆಗ ಸಭೆ ನಡೆಸುವ ಹೊಣೆ ಚೀಟಿ ಎತ್ತಿ ಆಯ್ಕೆಯಾದ 50 ಸದಸ್ಯರ ತಂಡದ್ದಾಗಿತ್ತು. ಅವರಲ್ಲಿ ಕೆಲವರು ಮೊದಲಿಗೆ ಗೊತ್ತುವಳಿಯನ್ನು ಮತಕ್ಕೆ ಹಾಕಲು ಒಪ್ಪಲಿಲ್ಲ. ಹಾಗಾದರೆ ನಿಮ್ಮ ಮೇಲೂ ಆರೋಪ ಹೊರಿಸುತ್ತೇವೆ ಎಂಬ ಬೆದರಿಕೆ ಬಂದೊಡನೆ ಹಿಂದೆ ಸರಿದರು. ಕೊನೆಗೆ ಪಟ್ಟು ಹಿಡಿದು ನಿಂತವನು ಸಾಕ್ರೆಟಿಸ್ ಒಬ್ಬನೇ. ಗೊತ್ತುವಳಿ ಅಂಗೀಕಾರವಾಯಿತು, ಊರಿಗೆ ಮರಳಿದ್ದ ಆರು ಸೇನಾಪತಿಗಳಿಗೆ ಮರಣದಂಡನೆಯಾಯಿತು. ಸ್ವಲ್ಪ ಕಾಲದಲ್ಲೇ ಪಶ್ಚಾತ್ತಾಪಪಟ್ಟ ಅದೇ ಜನ, ತಮ್ಮನ್ನು ಮೋಸಗೊಳಿಸಿದರೆಂದು ಗೊತ್ತುವಳಿ ತಂದವರ ಮೇಲೆ ಕ್ರಮಕ್ಕೆ ಮುಂದಾದರು. ತಪ್ಪು ಯಾವಾಗಲೂ ಮೋಸ ಮಾಡಿದವರದ್ದೇ ಆಗಿಬಿಡುವುದು ಗುಂಪಿಗಿರುವ ದೊಡ್ಡ ಅನುಕೂಲ.

ಇದನ್ನು ನಾವು ಸಾಕ್ರೆಟಿಸನ ಧೈರ್ಯದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ನನ್ನ ಗಮನವಿರುವುದು ಮೊದಲು ಬೇಡವೆಂದು ಆಮೇಲೆ ಸುಮ್ಮನಾದವರ ಮೇಲೆ. ಅವರು ಕೆಟ್ಟವರಲ್ಲ, ನಿಯಮವೂ ತಿಳಿದಿತ್ತು, ಮನಸ್ಸೂ ಒಪ್ಪಿರಲಿಲ್ಲ. ಅಥೆನ್ಸಿಗೆ ಅಂದು ಇನ್ನೊಬ್ಬ ಮಹಾಪುರುಷ ಬೇಕಿರಲಿಲ್ಲ, ಆ ಒಬ್ಬನ ಪಕ್ಕದಲ್ಲಿ ಕದಲದೆ ಕೂರುವ ನಾಲ್ಕೈದು ಸಾಧಾರಣ ಮನುಷ್ಯರು ಬೇಕಿತ್ತು.

ಇದು ಬರೀ ಊಹೆಯಲ್ಲ. 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲೊಮನ್ ಆಶ್ ನಡೆಸಿದ ಪ್ರಯೋಗಗಳಲ್ಲಿ, ಗೆರೆಗಳ ಉದ್ದವನ್ನು ಹೋಲಿಸುವಂಥ ಸುಲಭದ ಪ್ರಶ್ನೆಗೆ, ಪ್ರಯೋಗ ನಡೆಸುವವರು ಮೊದಲೇ ಹೇಳಿಕೊಟ್ಟು ಕೂರಿಸಿದ್ದವರೆಲ್ಲ ಬೇಕೆಂದೇ ಒಂದೇ ತಪ್ಪು ಉತ್ತರ ಕೊಡುತ್ತಿದ್ದರು. ಪರೀಕ್ಷೆಗೆ ಒಳಗಾದವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆ ಗುಂಪಿನ ಜೊತೆಗೇ ಹೋಯಿತು. ಆದರೆ ಇನ್ನೊಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದಾಗ ಈ ಪ್ರಮಾಣ ಮೊದಲಿದ್ದುದರ ಕಾಲು ಭಾಗದಷ್ಟಕ್ಕೆ ಇಳಿಯಿತು. ಗುಂಪು ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿತ್ತು, ಬದಲಾದದ್ದು ಒಂಟಿತನ ಮಾತ್ರ.

ನಮ್ಮ ಪಾಲಿಗೆ ಇಂಥ ಪರೀಕ್ಷೆ ಬರುವುದು ಯುದ್ಧದಲ್ಲಲ್ಲ, ಸಂಘದ ಸಾಮಾನ್ಯ ಸಭೆಯಲ್ಲಿ. ದುರಸ್ತಿ ಕಾಮಗಾರಿಯ ವಿಷಯ ಕೊನೆಗೆ ಬರುತ್ತದೆ. ಅಧ್ಯಕ್ಷರು ಕಾಗದ ಮಡಚುತ್ತಲೇ ‘ಎಲ್ಲರದೂ ಒಪ್ಪಿಗೆ ತಾನೇ?’ ಎನ್ನುತ್ತಾರೆ. ಹಿಂದಿನ ಸಾಲಿನಿಂದ ಒಬ್ಬ ಮಹಿಳೆ, ‘ಬೇರೆ ಗುತ್ತಿಗೆದಾರರಿಂದ ದರಪಟ್ಟಿ ತರಿಸಿದ್ದೀರಾ?’ ಎಂದು ಕೇಳುತ್ತಾರೆ. ಒಬ್ಬರು ಗಡಿಯಾರ ನೋಡುತ್ತಾರೆ, ಇನ್ನೊಬ್ಬರು ನಗುತ್ತಾರೆ, ನಮ್ಮ ಮೇಲೆ ನಂಬಿಕೆ ಇಲ್ಲವೇ ಎಂಬ ಮಾತು ಬರುತ್ತದೆ. ಅದೇ ಪ್ರಶ್ನೆ ಮನಸ್ಸಿನಲ್ಲಿದ್ದವರು ಸುಮ್ಮನೆ ಕೂತಿದ್ದು, ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಆಕೆಯನ್ನು ನಿಲ್ಲಿಸಿ ‘ಸರಿಯಾಗಿ ಕೇಳಿದಿರಿ’ ಎಂದು ಮೆಚ್ಚುತ್ತಾರೆ. ಆ ಮೆಚ್ಚುಗೆಯಿಂದ ಆಕೆಗೆ ಕಾಸಿನ ಪ್ರಯೋಜನವಿಲ್ಲ. ಒಳಗಿದ್ದಾಗಲೇ ‘ನನಗೂ ಅದು ತಿಳಿಯಬೇಕು’ ಎಂದಿದ್ದರೆ, ಆ ಪ್ರಶ್ನೆ ಒಬ್ಬಳ ತಕರಾರಾಗಿ ಉಳಿಯದೆ ಸಭೆಯ ಪ್ರಶ್ನೆಯಾಗುತ್ತಿತ್ತು.

ಇದಕ್ಕೆ ಹುತಾತ್ಮನಾಗುವ ಎದೆಗಾರಿಕೆ ಬೇಡ. ಆದರೆ ಕಾಗದಪತ್ರಗಳನ್ನು ಮುಂಚೆಯೇ ಓದಿಕೊಂಡು ಬರುವ ಬೇಸರದ ಕೆಲಸ ಬೇಕು, ಏಕೆಂದರೆ ವಿಷಯ ತಿಳಿಯದವನು ದನಿಗೂಡಿಸಿದರೆ ಅದು ಇನ್ನೊಂದು ಗುಂಪುಗಾರಿಕೆಯಷ್ಟೇ. ಸ್ನೇಹಿತ ಅಧ್ಯಕ್ಷನಾಗಿರುವಾಗ ಅವನ ಲೆಕ್ಕವನ್ನು ಕೇಳುವುದು ಅವನಿಗೆ ಮಾಡುವ ಅವಮಾನವಲ್ಲವೆಂದು ನಂಬುವ ಸ್ಥೈರ್ಯವೂ ಬೇಕು. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಅಪರೂಪದ್ದು, ವಿರೋಧಿಗಳನ್ನು ಪ್ರಶ್ನಿಸಲು ಯಾರಿಗೂ ಏನೂ ಖರ್ಚಾಗುವುದಿಲ್ಲ.

ಹಾಗೆಂದು ಎಲ್ಲದಕ್ಕೂ ಅಡ್ಡ ಮಾತಾಡುವವನನ್ನು ನಾನು ಹೊಗಳುತ್ತಿಲ್ಲ. ಅಂಥವರಿಂದ ಸಭೆಗಳು ಬಳಲಿ, ನಿಜವಾದ ಪ್ರಶ್ನೆ ಬಂದಾಗಲೂ ಜನ ಕಿವಿಗೊಡದಂತಾಗುತ್ತದೆ. ಪ್ರಶ್ನೆಯನ್ನು ಬೆಂಬಲಿಸಿದ ಮಾತ್ರಕ್ಕೆ ಪ್ರಶ್ನಿಸಿದವರ ನಿಲುವನ್ನೂ ಬೆಂಬಲಿಸಬೇಕೆಂದಿಲ್ಲ. ದರಪಟ್ಟಿಗಳು ಬರಲಿ, ಹೋಲಿಸಿ ನೋಡಿದ ಮೇಲೆ ಮೊದಲಿನ ಗುತ್ತಿಗೆದಾರನೇ ಸರಿ ಎನಿಸಿದರೆ ಅವನ ಪರವಾಗಿಯೇ ಕೈ ಎತ್ತಬಹುದು, ಮತ್ತು ಅವನನ್ನು ಯಾವ ಲೆಕ್ಕದ ಮೇಲೆ ಆರಿಸಲಾಯಿತು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬಹುದು.