ಟಿಪ್ಪರ್ ಎತ್ತಿದ ಮೇಲೂ ಜೋಳ ಜಾರದಿದ್ದಾಗ

ನಮಸ್ಕಾರ. ಇದು ಗೌರಿಬಿದನೂರು ಕಡೆಯ ಒಂದು ಕೋಳಿ ಫೀಡ್ ಮಿಲ್ಲು. ಸಾಲಾಗಿ ನಿಂತಿರೋದೆಲ್ಲ ಮುಸುಕಿನ ಜೋಳದ ಟಿಪ್ಪರ್‌ಗಳು. ಜಾಕ್ ಎತ್ತಿದ್ರೆ ಕಾಳು ಸುರಿಯುತ್ತೆ, ಅದರಲ್ಲೇನಿದೆ ಅನ್ನಿಸ್ಬೋದು. ಸುರಿಯೋವಾಗ ಹೆಚ್ಚೇನಿಲ್ಲ. ಸುರಿಯೋದು ನಿಂತಾಗ ಒಬ್ಬ ಸನಿಕೆ ಹಿಡ್ಕೊಂಡು ಹತ್ತಿರ ಹೋಗ್ತಾನೆ ನೋಡಿ, ತೊಂದರೆ ಶುರುವಾಗೋದೇ ಅಲ್ಲಿ.

ಮೊದಲು ಗಾಡಿ ಹಿಂದಕ್ಕೆ ಬರ್ತಿದೆ. ಕ್ಲೀನರ್ ಹಿಂದೆ ನಿಂತು "ಬಾ, ಬಾ, ಬಾ... ಓಲ್ಡಾನ್" ಅಂತಿದ್ದಾನೆ. ಡ್ರೈವರ್‌ಗೆ ದನಿ ಕೇಳುತ್ತೆ, ಆಳು ಕಾಣಲ್ಲ. ಪಕ್ಕದಲ್ಲಿ ಕಾಳು ಮೇಲಕ್ಕೆ ಸಾಗಿಸೋ ಎಲಿವೇಟರ್ ಓಡ್ತಿದ್ರೆ ದನಿಯೂ ಇಲ್ಲ. ಕ್ಲೀನರ್ ಬಲಗಡೆ, ಡ್ರೈವರ್ ಕನ್ನಡಿಯಲ್ಲಿ ಕಾಣೋ ಹಾಗೆ ನಿಲ್ಲಬೇಕು. ಕನ್ನಡಿಯಿಂದ ಮರೆಯಾದ ಅಂದ್ರೆ ಬ್ರೇಕ್ ಒತ್ತಬೇಕು, ಬಾ ಬಾ ಅಂತ ಕೂಗ್ತಿದ್ರೂ ಸರಿ.

ಹಿಂದಿನ ಡೋರ್ ಬಿಚ್ಚೋದು ಪಕ್ಕದಿಂದ, ಉದ್ದ ಸಲಾಕೆಯಲ್ಲಿ. ಒಳಗಿನ ಕಾಳಿನ ಭಾರವೆಲ್ಲ ಆ ಡೋರ್ ಮೇಲೆ ಒರಗಿರುತ್ತೆ. ಎದುರಿಗೆ ನಿಂತು ಕೊಂಡಿ ಬಿಚ್ಚಿದ್ರೆ ಡೋರ್ ಹೊಡೆಯೋದು ಎದೆಗೆ. ಜಾಕ್ ಎತ್ತೋ ಮುಂಚೆ ಒಂದ್ಸಲ ತಲೆ ಎತ್ತಿ ಕರೆಂಟ್ ವೈರ್ ಇದೆಯಾ ನೋಡಿ. ತೊಟ್ಟಿ ವೈರ್‌ಗೆ ತಗುಲಿಬಿಟ್ರೆ ಡ್ರೈವರ್ ಕ್ಯಾಬಿನ್‌ನಲ್ಲೇ ಕೂತಿರಬೇಕು, ಕೆಳಗಿದ್ದವರು ಗಾಡಿ ಮುಟ್ಟಬಾರದು. ಬೆಂಕಿ ಹತ್ತಿ ಇಳಿಯಲೇಬೇಕು ಅಂದ್ರೆ ಎರಡೂ ಕಾಲು ಜೋಡಿಸಿ ದೂರಕ್ಕೆ ನೆಗೆಯಬೇಕು. ಒಂದು ಕೈ ಗಾಡಿ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ರೆ ಕರೆಂಟ್ ಹರಿಯೋದು ಅವನ ಮೈಯಲ್ಲೇ.

ಈಗ ಈ ಗಾಡಿ ನೋಡಿ. ತೊಟ್ಟಿ ಪೂರ್ತಿ ಎದ್ದಿದೆ, ಹಿಂದಿನ ಅರ್ಧ ಖಾಲಿ, ಕ್ಯಾಬಿನ್ ಕಡೆಯ ಜೋಳ ಜಗ್ತಿಲ್ಲ. ಕಾರಣ ತೇವ. ಖರೀದಿ ಕೇಂದ್ರದಲ್ಲಿ ಜೋಳಕ್ಕೆ 14 ಪರ್ಸೆಂಟ್ ತೇವಾಂಶದ ಮಿತಿ ಇದೆ, ಆದ್ರೆ ಮಳೆಯಲ್ಲಿ ನೆನೆದ ಟಾರ್ಪಾಲ್ ಕೆಳಗೆ ಬಂದ ಕಾಳು ಮಿತಿ ಕೇಳಲ್ಲ, ಗಟ್ಟಿ ಹೆಂಟೆ ಕಟ್ಟುತ್ತೆ. ಆ ಹೆಂಟೆ ಈಗ ಎಲ್ಲಿದೆ? ಎತ್ತಿದ ತೊಟ್ಟಿಯ ತುತ್ತತುದಿಯಲ್ಲಿ. ಭಾರ ಅಷ್ಟೆತ್ತರದಲ್ಲಿ ನಿಂತಿರೋವಾಗ ಒಂದು ಟೈರ್ ಮೆತ್ತಗಿನ ಮಣ್ಣಲ್ಲಿ ನಾಲ್ಕು ಬೆರಳು ಇಳಿದ್ರೂ ಗಾಡಿ ಪಕ್ಕಕ್ಕೆ ವಾಲುತ್ತೆ. ಒಂದು ಪಕ್ಕದ ಕಾಳು ಜಾರಿ ಇನ್ನೊಂದು ಪಕ್ಕದ್ದು ಅಂಟಿಕೊಂಡ್ರಂತೂ ಅಂಟಿದ ಕಡೆಗೇ ಬೀಳೋದು.

ಇಲ್ಲಿ ಡ್ರೈವರ್‌ಗಳಿಗೊಂದು ಚಾಳಿ ಇದೆ. ತೊಟ್ಟಿ ಎತ್ತಿಕೊಂಡೇ ಗಾಡಿ ಮುಂದಕ್ಕೆ ಬಿಟ್ಟು ಗಕ್ಕನೆ ಬ್ರೇಕ್ ಹಾಕೋದು. ಕೆಲವು ಸಲ ಕಾಳು ಬಿದ್ದೂ ಬೀಳುತ್ತೆ, ಅದಕ್ಕೇ ಆ ಚಾಳಿ ಬಿಟ್ಟಿಲ್ಲ. ಸರಿಯಾದ ದಾರಿ ಬೇಜಾರಿನದು: ತೊಟ್ಟಿ ಪೂರ್ತಿ ಇಳಿಸಿ, ಹೊರಗಡೆಯಿಂದಲೇ ಉದ್ದ ಗಳದಲ್ಲಿ ಹೆಂಟೆ ಒಡೆದು, ನೆಲ ಮಟ್ಟ ಇರೋ ಕಡೆ ನಿಲ್ಲಿಸಿ ಮತ್ತೆ ಎತ್ತೋದು. ಹತ್ತು ಹದಿನೈದು ನಿಮಿಷ ಹೋಗುತ್ತೆ, ಹೋಗ್ಲಿ. ತೊಟ್ಟಿ ಮೇಲಿರೋವಾಗ ಒಳಗೆ ಯಾರೂ ಹತ್ತಬಾರದು. ಎರಡೂ ಪಕ್ಕ ತೊಟ್ಟಿಯ ಉದ್ದದಷ್ಟು ಜಾಗದಲ್ಲಿ ಯಾರೂ ನಿಲ್ಲಬಾರದು, ಬೀಡಿ ಸೇದೋಕಂತೂ ಅಲ್ಲೇ ಅಲ್ಲ. ಗಾಡಿ ವಾಲೋಕೆ ಶುರುವಾದ್ರೆ ಡ್ರೈವರ್ ನೆಗೆಯಬಾರದು. ನೆಗೆದವನ ಮೇಲೇ ಗಾಡಿ ಬೀಳೋದು. ಬೆಲ್ಟ್ ಹಾಕಿ ಸ್ಟೇರಿಂಗ್ ಗಟ್ಟಿ ಹಿಡಿದು ಕೂರಬೇಕು.

ಆ ಕಡೆ ರಾಗಿ ಲಾರಿ ಇಳೀತಿದೆ, 50 ಕಿಲೋ ಚೀಲ. ಹಮಾಲಿಗಳು ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ತೆಗೀತಿದ್ದಾರೆ, ಹಾಗೇ ತೆಗೀಬೇಕು. ಕೆಳಗಿನ ಚೀಲಕ್ಕೆ ಕೊಕ್ಕೆ ಹಾಕಿ ಎಳೆದ್ರೆ ಸಾಲಿಗೆ ಸಾಲೇ ಕುಸಿಯುತ್ತೆ. ಚಕ್ರಕ್ಕೆ ಕಲ್ಲು ಕೊಟ್ಟಿದ್ದಾರೆ, ಹಲಗೆ ಮಾತ್ರ ಸ್ವಲ್ಪ ಅಲುಗಾಡ್ತಿದೆ.

ಇದು ಕಾಳು ಸುರಿಯೋ ಗುಂಡಿ. ಮೇಲೆ ಕಬ್ಬಿಣದ ಜಾಲರಿ, ಕೆಳಗೆ ಕಾಳು ಎಳೆಯೋ ಸ್ಕ್ರೂ, ಅಂದ್ರೆ ಮೋಟಾರ್‌ನಲ್ಲಿ ತಿರುಗೋ ಸುರುಳಿ. ಜಾಲರಿಗೆ ದಂಟು, ದಾರ ಸಿಕ್ಕಿಕೊಂಡ್ರೆ ಜಾಲರಿ ಎತ್ತಿಟ್ಟು ಒಳಗೆ ಇಳೀತಾರೆ. ಮೋಟಾರ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಬೀಗದ ಕೈ ಇಳಿಯೋನ ಜೇಬಿನಲ್ಲೇ ಇರಬೇಕು. ಯಾಕಂದ್ರೆ ಅಲ್ಲಿ ಪ್ಯಾನೆಲ್ ಹತ್ರ ಇರೋನಿಗೆ ಇಲ್ಲಿ ಇಳಿದೋನು ಕಾಣಲ್ಲ. ಇಳಿಯೋನ ಸೊಂಟಕ್ಕೆ ಹಗ್ಗ, ಮೇಲೊಬ್ಬ ಕಾವಲು.

ಸ್ಕ್ರೂ ಓಡ್ತಿದ್ರೆ ಕಾಳು ನೀರಿನ ಥರ ಕೆಳಗೆ ಹೋಗುತ್ತೆ, ಆಳೂ ಅದರ ಜೊತೆಗೇ. ಮೊಣಕಾಲು ದಾಟಿದ್ರೆ ಸ್ವಂತ ಬಲದಲ್ಲಿ ಕಾಲು ಕೀಳೋದು ಕಷ್ಟ. ಒಂದು ಘನ ಮೀಟರ್ ಜೋಳ ಸುಮಾರು 700 ಕಿಲೋ ತೂಗುತ್ತೆ. ಎದೆ ತನಕ ಹೂತವನು ಉಸಿರು ಬಿಟ್ಟಾಗಲೆಲ್ಲ ಆ ಜಾಗಕ್ಕೆ ಕಾಳು ನುಗ್ಗುತ್ತೆ, ಮತ್ತೆ ಉಸಿರು ಎಳ್ಕೊಳ್ಳೋಕೆ ಜಾಗ ಇರಲ್ಲ. ಆಗ ಎಲ್ರೂ ಮಾಡೋ ತಪ್ಪು ಹಗ್ಗ ಹಾಕಿ ಮೇಲಕ್ಕೆ ಎಳೆಯೋದು. ಬೆನ್ನುಮೂಳೆ ಹೋಗುತ್ತೆ, ಆಳು ಬರಲ್ಲ. ಮೋಟಾರ್ ನಿಲ್ಲಿಸಿ, 112ಕ್ಕೆ ಫೋನ್ ಮಾಡಿ. ಅವನ ಸುತ್ತ ನಾಲ್ಕೂ ಕಡೆ ತಗಡು ಅಥವಾ ಹಲಗೆ ಇಳಿಸಿ ಪೆಟ್ಟಿಗೆ ಥರ ಮಾಡಿ, ಪೆಟ್ಟಿಗೆಯ ಒಳಗಿನ ಕಾಳು ಮಾತ್ರ ಬಕೆಟ್‌ನಲ್ಲಿ ಮೊಗೆದು ಹೊರಗೆ ಹಾಕಬೇಕು. ಈ ಮಿಲ್ಲಲ್ಲಿ ಆ ತಗಡುಗಳನ್ನ, ನೋಡಿ, ಗುಂಡಿ ಪಕ್ಕದ ಗೋಡೆಗೇ ಒರಗಿಸಿಟ್ಟಿದ್ದಾರೆ. ನಾಲ್ಕು ತಗಡು, ಎರಡು ಬಕೆಟ್.